ನಮ್ಮ ಖೋಲಿಯ ಪೆಪ್ ಮತ್ತು ಸ್ಯಾಡ್ಲರ್

ಪರೇಲಿನ ಚಾಳಿನಲ್ಲಿ ನಮ್ಮ ಖೋಲಿ ಹತ್ತಡಿಗೆ ಹನ್ನೆರಡಡಿ. ಅದರಲ್ಲಿ ಅಪ್ಪ, ಅಮ್ಮ, ನಾವು ಮೂವರು ಮಕ್ಕಳು, ಜೊತೆಗೆ ಊರಿನಿಂದ ಬಂದಿದ್ದ ಸೋದರಮಾವ. ಇಷ್ಟು ಜನ ಸಾಲದೆಂಬಂತೆ ಅಮೆರಿಕದ ಇಬ್ಬರು ಮುಷ್ಟಿಮಲ್ಲರೂ ಅದೇ ಖೋಲಿಯಲ್ಲಿ ಬಹುಕಾಲ ವಾಸವಾಗಿದ್ದರು ಎಂದರೆ ಓದುಗರು ನಗಬಹುದು. ಆದರೆ ಮಾತು ನಿಜ. ವಿಲ್ಲೀ ಪೆಪ್ ಅಪ್ಪನ ಪಕ್ಷ. ಸ್ಯಾಂಡಿ ಸ್ಯಾಡ್ಲರ್ ಮಾವನ ಪಕ್ಷ.

ಅವರು ನಮ್ಮ ಮನೆ ಹೊಕ್ಕದ್ದು ೧೯೬೨ರ ಸುಮಾರಿಗೆ. ಮಾವ ಹಗಲು ಫೋರ್ಟಿನ ಒಂದು ಹೊಟೇಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದುತ್ತಿದ್ದರು. ಒಂದು ರಜೆಯ ದಿನ ಫ್ಲೋರಾ ಫೌಂಟನ್ನಿನ ಕಾಲುದಾರಿಯಲ್ಲಿ ಹಳೆಯ ಇಂಗ್ಲಿಷ್ ಬಾಕ್ಸಿಂಗ್ ಪತ್ರಿಕೆಗಳ ಕಟ್ಟೊಂದನ್ನು ಅಗ್ಗಕ್ಕೆ ತಂದರು. "ಇಂಗ್ಲಿಷ್ ಕಲಿಯಲಿಕ್ಕೆ ಇಷ್ಟು ಸಾಕು" ಎಂದು ಅವರ ಸಮಜಾಯಿಷಿ. ಗೊತ್ತಿಲ್ಲದ ಶಬ್ದಗಳಿಗೆ ಅರ್ಥ ಹೇಳುವ ಕೆಲಸ ಗುಮಾಸ್ತರಾಗಿದ್ದ ಅಪ್ಪನದು. ಹೀಗೆ ಅರ್ಥ ಹೇಳುತ್ತ ಹೇಳುತ್ತ ಅಪ್ಪ ಒಂದು ಪಕ್ಷವಾದರು, ಕೇಳುತ್ತ ಕೇಳುತ್ತ ಮಾವ ಇನ್ನೊಂದು ಪಕ್ಷವಾದರು.

ಈ ಇಬ್ಬರೂ ಫೆದರ್‌ವೇಟ್ ವರ್ಗದವರು. ಹೆಸರಿಗೆ ಹಕ್ಕಿಯ ಗರಿ. ತೂಕದ ಮಿತಿ ೧೨೬ ಪೌಂಡು, ಎಂದರೆ ಸುಮಾರು ೫೭ ಕಿಲೋ. "ಹೆಚ್ಚುಕಡಿಮೆ ಒಂದೂವರೆ ಮುಡಿ ಅಕ್ಕಿ. ಅಷ್ಟಕ್ಕೆ ಇಷ್ಟು ಗಲಾಟೆಯೇ?" ಎಂದು ಅಮ್ಮ ಕೇಳುತ್ತಿದ್ದಳು.

ಪೆಪ್ ಇಟಲಿಯಿಂದ ಅಮೆರಿಕಕ್ಕೆ ವಲಸೆ ಬಂದವರ ಮಗ. ೧೯೨೨ರಲ್ಲಿ ಕನೆಕ್ಟಿಕಟ್ ಸಂಸ್ಥಾನದಲ್ಲಿ ಹುಟ್ಟಿ, ೧೯೪೨ರಲ್ಲಿ ಇಪ್ಪತ್ತನೆಯ ವಯಸ್ಸಿಗೇ ಚಾಂಪಿಯನ್ ಆದವನು. ಅವನ ವಿದ್ಯೆಯೆಲ್ಲ ಕಾಲಿನಲ್ಲಿ. ಎದುರಾಳಿಯ ಮುಷ್ಟಿ ತಲುಪುವ ಹೊತ್ತಿಗೆ ಅವನು ಅಲ್ಲಿರುತ್ತಿರಲಿಲ್ಲ. ಒಂದು ಪಂದ್ಯದಲ್ಲಿ ಒಂದು ಸುತ್ತನ್ನು ಒಂದೇ ಒಂದು ಗುದ್ದೂ ಹಾಕದೆ ಗೆದ್ದನೆಂಬ ದಂತಕಥೆಯೂ ಉಂಟು. ಅಪ್ಪ ಅದನ್ನು ಪೂರ್ತಿ ನಂಬಿದ್ದರು. ಮಾವ ಒಂದಕ್ಷರವನ್ನೂ ನಂಬಲಿಲ್ಲ. ೧೯೪೭ರ ಜನವರಿಯಲ್ಲಿ ವಿಮಾನ ಅಪಘಾತವಾಗಿ ಪೆಪ್‌ನ ಬೆನ್ನೆಲುಬಿಗೂ ಕಾಲಿಗೂ ಪೆಟ್ಟಾಯಿತು. ಜೂನ್ ತಿಂಗಳಲ್ಲಿ ಅವನು ಮತ್ತೆ ಅಖಾಡದಲ್ಲಿದ್ದ!

ಸ್ಯಾಡ್ಲರ್ ೧೯೨೬ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿ ನ್ಯೂಯಾರ್ಕಿನ ಹಾರ್ಲೆಮ್ಮಿಗೆ ಬಂದು ಬೆಳೆದ ಕಪ್ಪು ಹುಡುಗ. ಪೆಪ್‌ಗಿಂತ ಮೂರು ಇಂಚು ಎತ್ತರ, ಉದ್ದ ತೋಳು, ಭಾರೀ ಗುದ್ದು. ಜೀವಮಾನದ ೧೪೪ ಗೆಲುವುಗಳಲ್ಲಿ ೧೦೩ ನಾಕೌಟ್. ಚಾಂಪಿಯನ್‌ಗಿರಿಗೆ ಅವಕಾಶ ಸಿಗುವ ಮೊದಲು ಎಂಬತ್ತಕ್ಕೂ ಮಿಕ್ಕಿ ಪಂದ್ಯಗಳನ್ನು ಅವನು ಆಡಬೇಕಾಯಿತು. "ಟೇಬಲ್ ಒರೆಸಿದವನಿಗೇ ಗೊತ್ತು ಗಲ್ಲಾದ ಮೇಲೆ ಕೂರುವುದೆಂದರೆ ಏನೆಂದು" ಎನ್ನುತ್ತಿದ್ದರು ಮಾವ.

ಇಬ್ಬರೂ ನಾಲ್ಕು ಸಲ ಎದುರಾದರು. ೧೯೪೮ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಮೊದಲನೆಯದು. ಅದುವರೆಗೆ ಪೆಪ್ ೧೩೪ ಗೆದ್ದು ಒಂದೇ ಒಂದು ಸೋತಿದ್ದ, ಒಂದು ಸಮವಾಗಿತ್ತು. ಸ್ಯಾಡ್ಲರ್ ಅವನನ್ನು ನಾಲ್ಕನೇ ಸುತ್ತಿನಲ್ಲಿ ಮಲಗಿಸಿದ. ೧೯೪೯ರ ಫೆಬ್ರುವರಿಯಲ್ಲಿ ಅದೇ ಜಾಗದಲ್ಲಿ ಪೆಪ್, ಮುಖವೆಲ್ಲ ಗಾಯವಾದರೂ, ಹದಿನೈದು ಸುತ್ತು ಆಡಿ ಪಟ್ಟವನ್ನು ಮರಳಿ ಪಡೆದ. ೧೯೫೦ರಲ್ಲಿ ಭುಜದ ಕೀಲು ತಪ್ಪಿ, ಅಂಕದಲ್ಲಿ ಮುಂದಿದ್ದರೂ, ಏಳು ಸುತ್ತಿನ ನಂತರ ಅವನು ಏಳಲಿಲ್ಲ. ೧೯೫೧ರ ನಾಲ್ಕನೆಯದನ್ನು ಬಾಕ್ಸಿಂಗ್ ಎನ್ನುವುದಕ್ಕಿಂತ ಬೀದಿಜಗಳ ಎನ್ನಬೇಕು. ಒಂಬತ್ತು ಸುತ್ತಿನ ಬಳಿಕ ಪೆಪ್ ಕೈಬಿಟ್ಟ. ಅವರ ಆಟದ ರೀತಿಗೆ ಬೇಸತ್ತು ನ್ಯೂಯಾರ್ಕಿನ ಅಧಿಕಾರಿಗಳು ಇಬ್ಬರನ್ನೂ ಅಖಾಡದಿಂದ ಹೊರಗಿಟ್ಟರು.

ಲೆಕ್ಕ ಸರಳ: ಸ್ಯಾಡ್ಲರ್ ಮೂರು, ಪೆಪ್ ಒಂದು. ಮಾವನಿಗೆ ವಾದ ಅಲ್ಲಿಗೇ ಮುಗಿಯಿತು. ಅಪ್ಪನಿಗೆ ಅಲ್ಲಿಂದಲೇ ಶುರು. "ವಿಮಾನದಿಂದ ಬಿದ್ದ ಪೆಪ್‌ನನ್ನು ಗೆದ್ದ ನಿನ್ನವನು. ಬೀಳುವ ಮೊದಲಿನವನ ಕೈಗೆ ಸಿಕ್ಕಿದ್ದರೆ?" "ಅಪಘಾತದ ಮೇಲೂ ಒಂದೂವರೆ ವರ್ಷ ಅವನು ಒಂದನ್ನೂ ಸೋಲಲಿಲ್ಲವಲ್ಲ ಭಾವಾ, ನನ್ನವನು ಬರುವ ತನಕ?" ಇದು ವಾರಕ್ಕೆರಡು ಸಲ, ಊಟದ ಹೊತ್ತಿಗೆ.

ಅದು ಬರಿಯ ಬಾಕ್ಸಿಂಗ್ ಅಲ್ಲವೆಂದು ನನಗೆ ತಿಳಿದದ್ದು ೧೯೬೯ರಲ್ಲಿ. ಠಾಣೆಯಲ್ಲಿ ಒಂದು ಹೊಟೇಲನ್ನು ವಹಿಸಿಕೊಳ್ಳಲು ಮಾವ ಹೊರಟರು. ಅಮ್ಮನ ನಾಲ್ಕು ಚಿನ್ನದ ಬಳೆಗಳನ್ನು ಅಡವಿಡಬೇಕು, ಸಾಲದ ಕಾಗದಕ್ಕೆ ಅಪ್ಪ ಜಾಮೀನು ಹಾಕಬೇಕು. ಅಪ್ಪ ಒಪ್ಪಲಿಲ್ಲ. "ಪೆಟ್ಟು ಬೀಳುವ ಕಡೆ ಮುಖ ಒಡ್ಡಬಾರದು" ಎಂದರು. "ಪೆಟ್ಟು ತಿನ್ನದೆ ನಮ್ಮಂಥವರಿಗೆ ಏನು ಸಿಕ್ಕಿದೆ ಭಾವಾ?" ಎಂದರು ಮಾವ. ಮರುದಿನ ಬೆಳಿಗ್ಗೆ ಟ್ರಂಕು ಎತ್ತಿಕೊಂಡು ಹೋದರು. ಪತ್ರಿಕೆಗಳ ಕಟ್ಟು ನಮ್ಮ ಅಟ್ಟದ ಮೇಲೆಯೇ ಉಳಿಯಿತು.

ಬೇರೆಯವರಿಂದ ಸಾಲ ತಂದು ಮಾವ ಹೊಟೇಲು ನಡೆಸಿದರು. ಎರಡು ಸಲ ಮುಳುಗಿ ಎದ್ದರು. ಮದುವೆ ಮುಂಜಿಗಳಲ್ಲಿ ಎದುರಾದಾಗ "ಸೌಖ್ಯವೇ" ಎಂಬಷ್ಟೇ ಮಾತು. ಅಡವಿಡದೆ ಉಳಿದ ಆ ಬಳೆಗಳು ಮುಂದೆ ನನ್ನ ಅಕ್ಕನ ಮದುವೆಗೆ ಒದಗಿದವು. ಇತ್ತ ನನ್ನ ತಮ್ಮನ ಕಾಲೇಜಿನ ಹಣ, ಅಪ್ಪನಿಗೆ ತಿಳಿಯದಂತೆ, ಠಾಣೆಯ ಗಲ್ಲಾಪೆಟ್ಟಿಗೆಯಿಂದ ಅಮ್ಮನ ಕೈಗೆ ಬಂದು ಸೇರುತ್ತಿತ್ತು. ಈ ಎರಡನೆಯ ಸಂಗತಿ ನನಗೆ ಗೊತ್ತಾದದ್ದು ಬಹಳ ತಡವಾಗಿ.

೧೯೯೧ರಲ್ಲಿ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಸುದ್ದಿ ಕೇಳಿ ಮಾವ ಇಡ್ಲಿಯ ಡಬ್ಬಿ ಹಿಡಿದುಕೊಂಡು ಬಂದರು. ಇಪ್ಪತ್ತೆರಡು ವರ್ಷಗಳ ನಂತರ ಖೋಲಿಯ ಹೊಸ್ತಿಲು ದಾಟಿ, ಮಂಚದ ಬಳಿ ಕುಳಿತು, ಏನು ಮಾತಾಡಬೇಕೆಂದು ತಿಳಿಯದೆ ಫ್ಯಾನು ನೋಡುತ್ತಿದ್ದರು. ಅಪ್ಪನೇ ತೊದಲುತ್ತ ಹೇಳಿದರು: "ಮೂರು ಸಲ ಗೆದ್ದವನು ಸ್ಯಾಡ್ಲರನೇ, ಮಾರಾಯ."

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆದರೆ ಆ ಎರಡನೆಯ ಪಂದ್ಯ ಭಾವಾ... ಮಲಗಿಸಿದವನ ಮುಂದೆ ನಾಲ್ಕೇ ತಿಂಗಳಿಗೆ ಮತ್ತೆ ನಿಂತು ಹದಿನೈದು ಸುತ್ತು... ಅದು ಪೆಪ್‌ನಿಂದ ಮಾತ್ರ ಆಗುವಂಥದ್ದು."

"ನಿಮ್ಮ ಹಾಳು ಕುಸ್ತಿ ಇನ್ನೂ ಮುಗಿಯಲಿಲ್ಲವೇ?" ಎಂದು ಅಮ್ಮ ಕಾಫಿ ತಂದಳು. ಮುಂದಿನ ವರ್ಷ ಅಪ್ಪ ಹೋದರು. ಹೆಗಲು ಕೊಟ್ಟವರಲ್ಲಿ ಮಾವನೂ ಒಬ್ಬರು.

ಮುಷ್ಟಿಮಲ್ಲರ ಮುಂದಿನ ಕಥೆಯನ್ನು ನಾನೊಬ್ಬನೇ ಓದಿದೆ. ೧೯೫೬ರ ಟ್ಯಾಕ್ಸಿ ಅಪಘಾತವೊಂದರಲ್ಲಿ ಕಣ್ಣಿಗೆ ಪೆಟ್ಟಾಗಿ, ೧೯೫೭ರಲ್ಲಿ ಚಾಂಪಿಯನ್ ಆಗಿದ್ದಾಗಲೇ ಸ್ಯಾಡ್ಲರ್ ನಿವೃತ್ತನಾದ. ಮುಂದೆ ಜಾರ್ಜ್ ಫೋರ್‌ಮನ್‌ನ ತರಬೇತಿಯಲ್ಲಿ ನೆರವಾದ. ೨೦೦೧ರ ಸೆಪ್ಟೆಂಬರ್ ೧೮ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡ. ಅದೇ ನಗರದ ಅವಳಿ ಗೋಪುರಗಳು ಕುಸಿದು ಆಗ ವಾರವಷ್ಟೇ ಆಗಿತ್ತು. ಪೆಪ್ ೧೯೬೬ರವರೆಗೂ ಆಡಿದ. ಸುಮಾರು ೨೪೦ ಪಂದ್ಯಗಳಲ್ಲಿ ಅವನು ಸೋತದ್ದು ೧೧ ಮಾತ್ರ. ಕೊನೆಗಾಲದಲ್ಲಿ ನೆನಪಿನ ಶಕ್ತಿ ಕಳೆದುಕೊಂಡು, ಶುಶ್ರೂಷಾಲಯದಲ್ಲಿದ್ದು, ೨೦೦೬ರ ನವೆಂಬರಿನಲ್ಲಿ ತೀರಿಕೊಂಡ. ೧೯೯೯ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಶತಮಾನದ ಅತ್ಯುತ್ತಮ ಫೆದರ್‌ವೇಟ್ ಎಂದು ಆರಿಸಿದ್ದು ಪೆಪ್‌ನನ್ನು. ೨೦೦೩ರಲ್ಲಿ 'ದಿ ರಿಂಗ್' ಪತ್ರಿಕೆ ಸಾರ್ವಕಾಲಿಕ ಗುದ್ದುಗಾರರ ಪಟ್ಟಿಯಲ್ಲಿ ಸ್ಯಾಡ್ಲರ್‌ನಿಗೆ ಐದನೆಯ ಸ್ಥಾನ ಕೊಟ್ಟಿತು.

ಪುಣೆಯಲ್ಲಿರುವ ನನ್ನ ಮೊಮ್ಮಗ ಈಗ ಬಾಕ್ಸಿಂಗ್ ಕಲಿಯುತ್ತಿದ್ದಾನೆ. "ಅಜ್ಜಾ, ಇಬ್ಬರಲ್ಲಿ ಯಾರು ದೊಡ್ಡವರು?" ಎಂದು ಮೊನ್ನೆ ಕೇಳಿದ. ಪೆಪ್ ಎಷ್ಟು ದೊಡ್ಡವನೆಂದು ತೋರಿಸಿದ ರಾತ್ರಿ ಸ್ಯಾಡ್ಲರ್ ಇಲ್ಲದಿದ್ದರೆ ಬರುತ್ತಲೇ ಇರಲಿಲ್ಲ. ಸ್ಯಾಡ್ಲರ್‌ನ ಹೆಸರು ಹೇಳಿದ ಕೂಡಲೇ ಪೆಪ್‌ನನ್ನು ಗೆದ್ದವನು ಎನ್ನದೆ ಯಾರಿಗೂ ತೀರದು. ಒಬ್ಬನ ಅಳತೆಗೋಲು ಇನ್ನೊಬ್ಬನ ಕೈಯಲ್ಲಿದೆ. ಇದನ್ನು ಹುಡುಗನಿಗೆ ಹೇಳಿದೆ. ಅವನಿಗೆ ಸಮಾಧಾನವಾಗಲಿಲ್ಲ, ಒಂದು ಹೆಸರು ಬೇಕಂತೆ.

"ಹಾಗಾದರೆ ಎರಡು ಕಥೆ ಹೇಳುತ್ತೇನೆ, ನೀನೇ ಆರಿಸು" ಎಂದು ಬಳೆಗಳ ಕಥೆಯಿಂದ ಶುರುಮಾಡಿದೆ.