ದಾನದ ಹಸುವಿನ ಹಲ್ಲು

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಎಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದಾರೆ. ಬಿಟ್ಟಿ ಸಿಕ್ಕಿದ್ದಕ್ಕೆ ಕೊಂಕು ತೆಗೆಯಬೇಡ ಎಂದು ಅದರ ಅರ್ಥ. ಕೂಟದ ಊಟದ ಸಾಲಿನಲ್ಲಿ ನಿಂತು "ಸಾರಿಗೆ ಉಪ್ಪು ಕಮ್ಮಿಯಾಯ್ತು" ಎನ್ನುವವರನ್ನು ಕಂಡಾಗ ಅಡಿಗೆ ಸಮಿತಿಯವರು ಈ ಗಾದೆಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾರೆಂದು ನನಗೆ ಗೊತ್ತು. ನಾನೂ ಎರಡು ವರ್ಷ ಆ ಸಮಿತಿಯಲ್ಲಿ ಈರುಳ್ಳಿ ಹೆಚ್ಚಿದವನೇ. ಆದರೆ ಈ ಗಾದೆ ಎಲ್ಲಿಯವರೆಗೆ ಸರಿ? ಆ ಹಸುವಿಗೆ ಒಂಬತ್ತು ವರ್ಷ ಮೇವು ಹಾಕಿ, ಅದರ ಸ್ವಭಾವ ತಿಳಿದುಕೊಂಡು, ಕತ್ತಲಲ್ಲೂ ಹಾಲು ಕರೆಯುವಷ್ಟು ರೂಢಿಯಾದ ಮೇಲೆ, ಒಂದು ಬೆಳಿಗ್ಗೆ ಎದ್ದು ನೋಡಿದರೆ ಕೊಟ್ಟಿಗೆಯಲ್ಲಿ ಬೇರೆ ಹಸು ನಿಂತಿದೆ ಎನ್ನಿ. ಆಗಲೂ ಬಾಯಿ ಮುಚ್ಚಿಕೊಂಡಿರಬೇಕೆ? ಪುಕ್ಕಟೆ ಸಾಫ್ಟ್‌ವೇರ್ ಬಳಸುವ ಬಹಳಷ್ಟು ಜನ ಈ ಪ್ರಶ್ನೆಯನ್ನು ಜೋರಾಗಿಯೇ ಕೇಳಿದ್ದಾರೆ. ಆ ಕಥೆಯನ್ನು ಇಲ್ಲಿ ಹೇಳಹೊರಟಿದ್ದೇನೆ. ಕಂಪ್ಯೂಟರಿನ ವಿಷಯವೆಂದು ದಯವಿಟ್ಟು ಪುಟ ತಿರುಗಿಸಬೇಡಿ. ಇದು ಮನೆಯ ವಿಷಯವೂ ಹೌದು, ಕೂಟದ ವಿಷಯವೂ ಹೌದು.

ಗೊತ್ತಿಲ್ಲದವರಿಗೆ ಎರಡು ಮಾತು. ಲಿನಕ್ಸ್ ಎಂಬುದು 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಶುರು ಮಾಡಿದ ಕೆಲಸ. ಅದು ಕಂಪ್ಯೂಟರಿನ ಹೊಟ್ಟೆಯೊಳಗಿನ ಯಂತ್ರ. ನಮ್ಮ ಕಣ್ಣಿಗೆ ಕಾಣುವ ಮುಖ ಬೇರೆ; ಪರದೆ, ಮೆನು, ಕಿಟಕಿಗಳು, ಮೂಲೆಯ ಗಡಿಯಾರ, ಇವೆಲ್ಲ ಸೇರಿ 'ಡೆಸ್ಕ್‌ಟಾಪ್'. ಈ ಮುಖಗಳಲ್ಲಿ ಎರಡು ಹೆಸರುವಾಸಿ. 1996ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಕೆಡಿಇ ಒಂದು, 1997ರಲ್ಲಿ ಮೆಕ್ಸಿಕೋದ ಇಬ್ಬರು ಯುವಕರು ಆರಂಭಿಸಿದ ಗ್ನೋಮ್ ಇನ್ನೊಂದು. ಇವುಗಳನ್ನು ಬರೆದವರಲ್ಲಿ ಸಂಬಳಕ್ಕೆ ಬರೆದವರೂ ಇದ್ದಾರೆ, ರಾತ್ರಿ ಊಟವಾದ ಮೇಲೆ ಸ್ವಂತ ಸಂತೋಷಕ್ಕೆ ಬರೆದವರೂ ಇದ್ದಾರೆ. ಮೆನುಗಳನ್ನು ಕನ್ನಡಕ್ಕೆ ತಂದ ನಮ್ಮ ಕನ್ನಡಿಗರೂ ಇದ್ದಾರೆ. ಇದೆಲ್ಲ ಓಪನ್ ಸೋರ್ಸ್. ಎಂದರೆ ಒಳಗಿನ ಬರವಣಿಗೆಯನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಊರಿಗೆಲ್ಲ ಹಂಚಬಹುದು. ಸಾರು ಬಡಿಸುವುದರ ಜೊತೆಗೆ ಸಾರಿನ ಪುಡಿಯ ಅಳತೆಯನ್ನೂ ಬರೆದುಕೊಟ್ಟ ಹಾಗೆ.

ನಮ್ಮ ಮನೆಗೆ ಲಿನಕ್ಸ್ ಬಂದದ್ದು 2008ರಲ್ಲಿ, ಸ್ನೇಹಿತರ ಮಗ ಕಾಲೇಜಿಗೆ ಹೋಗುವಾಗ ಬಿಟ್ಟುಹೋದ ಹಳೆಯ ಕಂಪ್ಯೂಟರಿನ ಜೊತೆ. ಅದೇ ವರ್ಷ ಅಮ್ಮ ಹಾಸನದಿಂದ ಆರು ತಿಂಗಳಿಗೆಂದು ಬಂದಿದ್ದರು. ಹೊರಗೆ ಹಿಮ, ಒಳಗೆ ಮಾತಿಗೆ ಜನವಿಲ್ಲ. ಮಗಳು ಅಜ್ಜಿಯನ್ನು ಕೂರಿಸಿಕೊಂಡು ಕನ್ನಡ ಪತ್ರಿಕೆ ಓದುವುದನ್ನೂ ಹಾಡು ಕೇಳುವುದನ್ನೂ ಕಲಿಸಿಕೊಟ್ಟಳು. ಅಮ್ಮನಿಗೆ ಇಂಗ್ಲಿಷ್ ಓದಲು ಬಾರದು. ಆದರೂ ಹದಿನೈದು ದಿನದಲ್ಲಿ ಕಲಿತರು. ಹೇಗೆಂದರೆ, ಜಾಗ ನೋಡಿಕೊಂಡು. ಮೇಲಿನ ಎಡಮೂಲೆ, ಅಲ್ಲಿಂದ ಮೂರನೆಯ ಸಾಲು, ಅದರ ಪಕ್ಕದ ಮೊದಲನೆಯದು. ಕಾಫಿಪುಡಿ ಡಬ್ಬಿ ಯಾವ ಗೂಡಿನಲ್ಲಿದೆ ಎಂದು ಕೈಗೆ ತಿಳಿದಿರುತ್ತದಲ್ಲ, ಹಾಗೆ.

2011ರ ಕೊನೆಯಲ್ಲಿ ಅಮ್ಮ ಮತ್ತೆ ಬಂದರು. ಅಷ್ಟರಲ್ಲಿ ಕಂಪ್ಯೂಟರಿನ ಮುಖ ಬದಲಾಗಿತ್ತು. ಮಗಳಿಗೆ ಹೊಸದೇ ಇಷ್ಟ. ಒಂದು ಕೀಲಿ ಒತ್ತಿ, ಬೇಕಾದದ್ದರ ಹೆಸರಿನ ಎರಡಕ್ಷರ ಹೊಡೆದರೆ ಅದು ಓಡಿಬಂದು ನಿಲ್ಲುತ್ತದೆ ಎಂದು ಕುಣಿದಾಡಿದಳು. ಅಮ್ಮ ಐದು ನಿಮಿಷ ಪರದೆ ನೋಡಿ, "ಇದು ನಮ್ಮನೇದಲ್ಲ ಅಲ್ವೇನೋ?" ಎಂದರು.

"ಅದೇ ಅಮ್ಮ. ಒಳಗೆ ಎಲ್ಲಾ ಹಾಗೇ ಇದೆ" ಎಂದೆ.

"ಇದ್ದರೇನು ಬಂತು ಮಗೂ? ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಇಲ್ಲದ ಹಾಗೇ ತಾನೆ."

ಆ ವರ್ಷ ಜಗತ್ತಿನ ಉದ್ದಗಲಕ್ಕೂ ಲಿನಕ್ಸ್ ಬಳಕೆದಾರರು ಹೇಳುತ್ತಿದ್ದುದು ಇದೇ ಮಾತು, ಇಷ್ಟು ಸಮಾಧಾನವಾಗಿ ಅಲ್ಲ ಅಷ್ಟೇ. 2011ರ ಏಪ್ರಿಲ್ 6ರಂದು ಗ್ನೋಮ್ 3 ಬಂತು. ಕಿಟಕಿಯನ್ನು ಕೆಳಗಿಳಿಸುವ, ದೊಡ್ಡದು ಮಾಡುವ ಗುಂಡಿಗಳು ಮಾಯ. ತೆರೆದ ಕಿಟಕಿಗಳ ಹೆಸರು ತೋರಿಸುತ್ತಿದ್ದ ಕೆಳಗಿನ ಪಟ್ಟಿ ಮಾಯ. ಕಂಪ್ಯೂಟರ್ ಆರಿಸುವ ಆಯ್ಕೆ ಕೂಡ ಆಲ್ಟ್ ಕೀಲಿ ಒತ್ತಿ ಹಿಡಿದರೆ ಮಾತ್ರ ಕಾಣುತ್ತಿತ್ತು! ಅದೇ ತಿಂಗಳ 28ಕ್ಕೆ, ಹೆಚ್ಚು ಜನಪ್ರಿಯವಾಗಿದ್ದ ಉಬುಂಟು ತನ್ನ 11.04ರ ಆವೃತ್ತಿಯಲ್ಲಿ 'ಯೂನಿಟಿ' ಎಂಬ ತನ್ನದೇ ಮುಖವನ್ನು ಎಲ್ಲರ ಮುಂದಿಟ್ಟಿತು. ಅದಕ್ಕೆ ಒಂದು ವರ್ಷ ಮೊದಲೇ ಉಬುಂಟು ಕಿಟಕಿಯ ಗುಂಡಿಗಳನ್ನು ಬಲದಿಂದ ಎಡಕ್ಕೆ ಸರಿಸಿತ್ತು. ಜನ ಕೂಗಾಡಿದಾಗ, ವಿನ್ಯಾಸವನ್ನು ಮತ ಹಾಕಿ ತೀರ್ಮಾನಿಸುವುದಿಲ್ಲ ಎಂಬರ್ಥದ ಉತ್ತರ ಅದರ ಸ್ಥಾಪಕ ಮಾರ್ಕ್ ಶಟಲ್‌ವರ್ತ್ ಅವರಿಂದ ಬಂದಿತ್ತು. ಗುಂಡಿ ಎಡದಲ್ಲಿದ್ದರೇನು ಬಲದಲ್ಲಿದ್ದರೇನು ಎನ್ನುತ್ತೀರಾ? ಈ ದೇಶಕ್ಕೆ ಬಂದ ಹೊಸದರಲ್ಲಿ ಕಾರು ಓಡಿಸಿದ್ದನ್ನು ಜ್ಞಾಪಿಸಿಕೊಳ್ಳಿ. ತಿರುವಿನ ದೀಪ ಹಾಕಲು ಹೋಗಿ, ಬಿರುಬಿಸಿಲಿನಲ್ಲಿ ವೈಪರ್ ಆಡಿಸದವರು ನಮ್ಮಲ್ಲಿ ಎಷ್ಟು ಜನ?

ಇಂಥ ಗಲಾಟೆ ಅದೇ ಮೊದಲಲ್ಲ. 2008ರ ಜನವರಿಯಲ್ಲಿ ಕೆಡಿಇ 4.0 ಬಂದಾಗಲೂ ಹೀಗೇ ಆಗಿತ್ತು. ಅದು ಇನ್ನೂ ಎಲ್ಲರ ದಿನಬಳಕೆಗಲ್ಲ ಎಂದು ಬರೆದವರೇ ಹೇಳಿದ್ದರೂ, ಹಂಚುವವರು ಕೆಲವರು ಹಂಚಿಯೇಬಿಟ್ಟರು. ಅರೆಬೆಂದ ಅನ್ನ ಎಲೆಗೆ ಬಿತ್ತು. ಅದರ ಪರದೆಯ ಮೇಲಿನ ಬಲಮೂಲೆಯಲ್ಲಿ ಗೋಡಂಬಿಯಾಕಾರದ ಒಂದು ಗುಂಡಿಯಿತ್ತು. ಅದನ್ನು ತೆಗೆಯಲು ದಾರಿಯೇ ಇರಲಿಲ್ಲ. ನಾವು ಪಾಯಸದಲ್ಲಿ ಗೋಡಂಬಿ ಸಿಗಲಿಲ್ಲವೆಂದು ಮುನಿಸಿಕೊಳ್ಳುವ ಜನ. ಅಲ್ಲಿ ಗೋಡಂಬಿ ಇದೆಯೆಂದು ಜಗಳ! ಕೊನೆಗೆ ಯಾರೋ ಪುಣ್ಯಾತ್ಮರು ಆ ಗೋಡಂಬಿಯನ್ನು ಮರೆಮಾಡಲೆಂದೇ ಒಂದು ಪುಟ್ಟ ಪ್ರೋಗ್ರಾಮ್ ಬರೆದು ಹಂಚಿದರು. ಸ್ವತಃ ಟೋರ್ವಾಲ್ಡ್ಸ್ ಕೆಡಿಇ ಬಿಟ್ಟು ಗ್ನೋಮ್‌ಗೆ ಹೋದರು. 2011ರಲ್ಲಿ ಗ್ನೋಮ್ 3ನ್ನೂ ಬೈದು ಎಕ್ಸ್‌ಎಫ್‌ಸಿಇ ಎಂಬ ಮೂರನೆಯ ಮನೆ ಸೇರಿದರು. 2013ರಲ್ಲಿ ಗ್ನೋಮ್ 3ಕ್ಕೆ ಕೆಲವು ತೇಪೆಗಳು ಸಿಕ್ಕಿದ ಮೇಲೆ ಮತ್ತೆ ಅಲ್ಲಿಗೇ ಬಂದರು. ಯಂತ್ರ ಮಾಡಿದವನ ಪಾಡೇ ಹೀಗಾದರೆ ಹಾಸನದ ಅಮ್ಮನದೇನು?

ಇನ್ನು ಮಾಡಿದವರ ಮಾತನ್ನೂ ಕೇಳಬೇಕು. ಅವರು ಹುಡುಗಾಟಕ್ಕೆ ಮುಖ ಬದಲಿಸಿದವರಲ್ಲ. ಗ್ನೋಮ್ 2 ಶುರುವಾದದ್ದು 2002ರಲ್ಲಿ. ಒಂಬತ್ತು ವರ್ಷದಲ್ಲಿ ಅದರ ತಳಹದಿ ಹಳತಾಗಿತ್ತು. ಆ ಹೊತ್ತಿಗೆ ನೆಟ್‌ಬುಕ್ ಎಂಬ ಪುಟ್ಟ ಕಂಪ್ಯೂಟರುಗಳೂ ಬಂದಿದ್ದವು. ಅವುಗಳ ಪರದೆ ಅಗಲ ಹೆಚ್ಚು, ಎತ್ತರ ಕಡಿಮೆ. ಮೇಲೊಂದು ಕೆಳಗೊಂದು ಪಟ್ಟಿ ಇಟ್ಟರೆ ಓದಲು ಉಳಿಯುವ ಜಾಗವೇ ಅಂಗೈಯಗಲ. ಯೂನಿಟಿ ಗುಂಡಿಗಳ ಸಾಲನ್ನು ಎಡಗಡೆಗೆ ನಿಲ್ಲಿಸಿದ್ದು ಇದಕ್ಕಾಗಿ. ಬೆರಳಿನಿಂದ ಮುಟ್ಟುವ ಪರದೆಗಳೂ ಮನೆಮನೆಗೆ ಬರತೊಡಗಿದ್ದವು. ಹೊಸಬರಿಗೆ ಸುಲಭವಾಗಲಿ, ಕಣ್ಣಿಗೆ ಗೊಂದಲ ಕಡಿಮೆಯಾಗಲಿ ಎಂಬ ಆಸೆ ಅವರದು. ನನ್ನ ಮಗಳಂಥವರ ಮಟ್ಟಿಗೆ ಅದು ನಿಜವೂ ಆಯಿತು.

ಇನ್ನೊಂದು ತಮಾಷೆ ಕೇಳಿ. 2011ರಲ್ಲಿ ಯಾವ ಗ್ನೋಮ್ 2ಕ್ಕಾಗಿ ಜನ ಕಣ್ಣೀರು ಸುರಿಸಿದರೋ, ಅದು 2002ರಲ್ಲಿ ಬಂದಾಗ ಅದಕ್ಕೂ ಬೈಗುಳವೇ ಬಿದ್ದಿತ್ತು. ಇದ್ದ ಸೌಕರ್ಯಗಳನ್ನೆಲ್ಲ ಕಿತ್ತುಹಾಕಿದ್ದೀರಿ, ನಮ್ಮನ್ನು ದಡ್ಡರೆಂದು ತಿಳಿದಿದ್ದೀರಿ ಎಂದು. 2011ರಲ್ಲಿ ಶಾಪ ಹಾಕಿಸಿಕೊಂಡ ಯೂನಿಟಿಯನ್ನು ಕೈಬಿಡುವುದಾಗಿ 2017ರ ಏಪ್ರಿಲಿನಲ್ಲಿ ಶಟಲ್‌ವರ್ತ್ ಹೇಳಿದಾಗ ಅದಕ್ಕೂ ಅಳುವವರು ಹುಟ್ಟಿಕೊಂಡಿದ್ದರು. ಆ ವರ್ಷದ ಅಕ್ಟೋಬರಿನಲ್ಲಿ ಉಬುಂಟು ಗ್ನೋಮ್‌ಗೆ ಮರಳಿತು. ಕಿಟಕಿಯ ಗುಂಡಿಗಳು ಏಳು ವರ್ಷದ ವನವಾಸ ಮುಗಿಸಿ ಬಲಕ್ಕೆ ಬಂದವು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತೇವಲ್ಲ, ಇಲ್ಲಿ ಸೊಸೆಯೇ ಅತ್ತೆಯಾಗಲು ಆರೇ ವರ್ಷ ಸಾಕಾಯಿತು.

ಇದನ್ನು ನೋಡಿ "ಜನಕ್ಕೆ ಬದಲಾವಣೆಯೇ ಆಗುವುದಿಲ್ಲ, ಬೈದು ಬೈದು ತಾವೇ ಸುಮ್ಮನಾಗುತ್ತಾರೆ" ಎಂದು ಕೈತೊಳೆದುಕೊಳ್ಳುವುದು ಸುಲಭ. ನನಗೆ ಅದು ಒಪ್ಪಿಗೆಯಿಲ್ಲ. ಬಳಸುವವನೂ ಒಂದು ಬಂಡವಾಳ ಹೂಡಿರುತ್ತಾನೆ. ಹಣವಲ್ಲ, ರೂಢಿ. ಈ ಲೇಖನವನ್ನು ನಾನು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಬೆರಳಚ್ಚು ಮಾಡುತ್ತಿದ್ದೇನೆ. 'ಕ' ಎಲ್ಲಿದೆ ಎಂದು ನನ್ನ ತಲೆ ಯೋಚಿಸುವುದೇ ಇಲ್ಲ, ಬೆರಳಿಗೆ ಗೊತ್ತು. ಆ ತಿಳಿವಳಿಕೆ ಗಳಿಸಲು ನನಗೆ ತಿಂಗಳುಗಳು ಹಿಡಿದವು. ನಾಳೆ ಯಾರಾದರೂ ಅಕ್ಷರಗಳನ್ನು ಇನ್ನೂ ಚೆನ್ನಾಗಿ ಜೋಡಿಸಿದ್ದೇವೆಂದರೆ, ಅವರ ಜೋಡಣೆ ನಿಜಕ್ಕೂ ಚೆನ್ನಾಗಿದ್ದರೂ, ಆ ತಿಂಗಳುಗಳು ನನ್ನ ಲೆಕ್ಕದಿಂದ ಹೋದಂತೆಯೇ. ಹೊಸದನ್ನು ಕಟ್ಟುವವರ ಕಣ್ಣಿಗೆ ಈ ನಷ್ಟ ಕಾಣುವುದಿಲ್ಲ. ಹೆಸರು ಹೊಡೆದು ಹುಡುಕುವ ದಾರಿ ಅಕ್ಷರ ಬಲ್ಲವರಿಗೆ ರಾಜಮಾರ್ಗ. ಜಾಗ ನೋಡಿ ಕಲಿತ ನನ್ನ ಅಮ್ಮನಿಗೆ ಅದು ಮುಚ್ಚಿದ ಬಾಗಿಲು. ಇದನ್ನು ಹೇಳುವುದು ಹಸುವಿನ ಹಲ್ಲು ಎಣಿಸಿದಂತಲ್ಲ. ಹಾಗೆಂದು, ಹೇಳುವ ನೆಪದಲ್ಲಿ ರಾತ್ರಿ ನಿದ್ದೆಗೆಟ್ಟು ಕೆಲಸ ಮಾಡಿದವನಿಗೆ ವೈಯಕ್ತಿಕವಾಗಿ ಬಾಯಿಗೆ ಬಂದಂತೆ ಬೈದವರೂ ಆ ದಿನಗಳಲ್ಲಿ ಇದ್ದರು. ಅದಕ್ಕೆ ಕ್ಷಮೆಯಿಲ್ಲ.

ಆದರೆ ಕೆಲವರು ಮಾತ್ರ ಬೈಯುವುದನ್ನು ನಿಲ್ಲಿಸಿ ತೋಳೇರಿಸಿದರು. ಈ ಕಥೆಯಲ್ಲಿ ನನಗೆ ತುಂಬ ಹಿಡಿಸುವ ಭಾಗ ಇದೇ. 2011ರಲ್ಲೇ ಅರ್ಜೆಂಟೀನಾದ ಒಬ್ಬ ಬಳಕೆದಾರ ಗ್ನೋಮ್ 2ರ ಬರವಣಿಗೆಯನ್ನೆಲ್ಲ ನಕಲು ಮಾಡಿಕೊಂಡು ತಾನೇ ಮುಂದುವರಿಸಿದ. ಅದಕ್ಕೆ ತನ್ನ ಸೀಮೆಯ ಎಲೆಪಾನೀಯದ ಹೆಸರನ್ನೇ ಇಟ್ಟ: 'ಮಾಟೆ'. ಹಳೆಯದೂ ಹೊಸದೂ ಒಂದೇ ಕಂಪ್ಯೂಟರಿನಲ್ಲಿ ಜಗಳವಾಡದೆ ಇರಬೇಕಾದರೆ ಒಳಗಿನ ಹೆಸರುಗಳೂ ಬೇರೆಯಾಗಬೇಕು. ಹಾಗಾಗಿ ಕಡತ ತೋರಿಸುವ ನಾಟಿಲಸ್ 'ಕಾಹಾ' ಆಯಿತು, ಎಂದರೆ ಸ್ಪ್ಯಾನಿಷ್‌ನಲ್ಲಿ ಪೆಟ್ಟಿಗೆ. ಬರೆಯುವ ಜಿಎಡಿಟ್ 'ಪ್ಲೂಮಾ' ಆಯಿತು, ಎಂದರೆ ಗರಿಯ ಲೇಖನಿ. ಲಿನಕ್ಸ್ ಮಿಂಟ್‌ನವರು ಇನ್ನೊಂದು ದಾರಿ ಹಿಡಿದರು. ಹೊಸ ಗ್ನೋಮ್‌ನ ತಳಹದಿಯ ಮೇಲೆಯೇ ಹಳೆಯ ರೀತಿಯ ಮೆನು ಮತ್ತು ಪಟ್ಟಿ ಕಟ್ಟಿ 'ಸಿನಮನ್', ಅರ್ಥಾತ್ ದಾಲ್ಚಿನ್ನಿ, ಎಂದು ಕರೆದರು. ಕೆಡಿಇಯ ಹಳೆಯ ಮುಖವನ್ನು 'ಟ್ರಿನಿಟಿ' ಎಂಬ ಹೆಸರಿನಲ್ಲಿ 2010ರಿಂದ ಬೇರೆಯವರು ಕಾಪಾಡಿಕೊಂಡು ಬಂದಿದ್ದಾರೆ. ಕೈಬಿಟ್ಟ ಯೂನಿಟಿಯನ್ನು 2020ರಲ್ಲಿ ಎತ್ತಿಕೊಂಡವನು ಭಾರತದ ಒಬ್ಬ ಶಾಲಾಬಾಲಕ! 2022ರಲ್ಲಿ ಅವನ ಕೆಲಸವನ್ನು ಉಬುಂಟುವಿನವರೇ ಅಧಿಕೃತವೆಂದು ಒಪ್ಪಿಕೊಂಡರು.

ಹಳೆಯ ಮನೆ ಉಳಿಸುವುದೆಂದರೆ ಬೀಗ ಹಾಕಿ ಇಡುವುದಲ್ಲ. ಮಾಟೆಯವರಿಗೆ ಕಾಲಕಾಲಕ್ಕೆ ಹೆಂಚು ಕೈಯಾಡಿಸಬೇಕಾಯಿತು, ಗೆದ್ದಲು ಹಿಡಿದ ತೊಲೆ ಬದಲಿಸಬೇಕಾಯಿತು. ಒಳಗಿನ ಸಾಮಗ್ರಿಯನ್ನೆಲ್ಲ ಹೊಸ ತಳಹದಿಗೆ ಸಾಗಿಸಿ ಮುಗಿಸುವ ಹೊತ್ತಿಗೆ 2017 ಬಂದಿತ್ತು. ಆರು ವರ್ಷದ ದುಡಿಮೆ, ಹೊರಗಿನಿಂದ ನೋಡುವವರಿಗೆ "ಏನೂ ಬದಲಾಗಿಲ್ಲ" ಎನ್ನಿಸಲೆಂದು! ಗ್ನೋಮ್‌ನವರೂ ಕಿವುಡರಾಗಿರಲಿಲ್ಲ. ಆರಿಸುವ ಆಯ್ಕೆಯನ್ನು 2012ರಲ್ಲಿ ಮತ್ತೆ ಕಣ್ಣಿಗೆ ಕಾಣುವಂತೆ ಇಟ್ಟರು, 2013ರಲ್ಲಿ ಹಳೆಯ ಅಭ್ಯಾಸದವರಿಗೆ 'ಕ್ಲಾಸಿಕ್' ರೂಪವನ್ನೂ ಕೊಟ್ಟರು. ಇದಕ್ಕೆ ಹೋಲಿಸಿ ನೋಡಿ: 2012ರಲ್ಲಿ ವಿಂಡೋಸ್ 8ರಿಂದ ಸ್ಟಾರ್ಟ್ ಗುಂಡಿ ಹೋಯಿತು. ದುಡ್ಡು ಕೊಟ್ಟವರೂ ಗುಂಡಿಗಾಗಿ 2013ರವರೆಗೆ, ಪೂರ್ತಿ ಮೆನುವಿಗಾಗಿ 2015ರವರೆಗೆ ಕಾಯಬೇಕಾಯಿತು. ಆ ಹಳೆಯ ಮನೆಯ ಬೀಗದಕೈ ಬಳಸುವವರ ಹತ್ತಿರ ಇರಲೇ ಇಲ್ಲ.

2012ರಲ್ಲಿ ನಮ್ಮ ಕಂಪ್ಯೂಟರಿಗೂ ಮಾಟೆ ಹಾಕಿದೆ. ಹೆಸರು ಕೇಳಿ ಅಮ್ಮ, "ಮಾಟಾನೇ? ಯಾರು ಮಾಡಿಸಿದ್ದೋ?" ಎಂದು ಗಾಬರಿಯಾದರು. ಎಡಮೂಲೆ, ಮೂರನೆಯ ಸಾಲು, ಪಕ್ಕದ ಮೊದಲನೆಯದು ಸರಿಯಾಗಿ ಸಿಕ್ಕಿದ ಮೇಲೆ ಹೆಸರಿನ ತಂಟೆಗೆ ಹೋಗಲಿಲ್ಲ. "ಮಾಡಿದವನು ಯಾವೂರವನೋ, ಚೆನ್ನಾಗಿರಲಿ" ಎಂದರು. ಮಗಳು ಮಾತ್ರ ತನ್ನ ಕಂಪ್ಯೂಟರಿನಲ್ಲಿ ಗ್ನೋಮ್ 3ನ್ನೇ ಇಟ್ಟುಕೊಂಡಳು. ಒಂದೇ ಸೂರಿನಡಿ ಎರಡು ತಲೆಮಾರು, ಎರಡು ಮುಖ. ಯಾರಿಗೂ ಯಾರದೂ ಅಡ್ಡ ಬರಲಿಲ್ಲ.

ನಮ್ಮ ಕೂಟದಲ್ಲೂ ಪ್ರತಿ ವರ್ಷ ಹೊಸ ಸಮಿತಿ ಬರುತ್ತದೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎಂಬಂತೆ ಯುಗಾದಿಯ ಕಾರ್ಯಕ್ರಮ, ಊಟದ ಪಟ್ಟಿ, ನಾಟಕದ ಹೊತ್ತು, ಎಲ್ಲವೂ ಬದಲಾಗುತ್ತವೆ. ಕೊನೆಯ ಸಾಲಿನ ಹಿರಿಯರು ಗೊಣಗುತ್ತಾರೆ. ಗೊಣಗುವ ಹಕ್ಕು ಅವರಿಗಿದೆ. ಈ ಕೂಟಕ್ಕೆ ಇಷ್ಟು ವರ್ಷ ರೂಢಿಯನ್ನು ಹೂಡಿದವರು ಅವರು. ಹೊಸ ಸಮಿತಿಯವರು ಒಂದು ಕಿವಿ ಅತ್ತ ಕೊಡಲಿ. ಹಾಗೆಯೇ ಹಳೆಯ ಪದ್ಧತಿ ನಿಜಕ್ಕೂ ಬೇಕೆನ್ನುವವರು ಅರ್ಜೆಂಟೀನಾದ ಆ ಪುಣ್ಯಾತ್ಮನನ್ನು ಒಮ್ಮೆ ನೆನೆಯಲಿ. ಸಾಲಾಗಿ ನೆಲದ ಮೇಲೆ ಕೂತು ಊಟ ಮಾಡುವ ಪದ್ಧತಿ ಮತ್ತೆ ಬೇಕೆಂದು ಐದಾರು ಮನೆಯವರು ಹೇಳುತ್ತಿದ್ದೀರಿ. ಮುಂದಿನ ಹಬ್ಬಕ್ಕೆ ಆಗಬಹುದು. ಬಡಿಸುವುದಕ್ಕೆ ನಾನೊಬ್ಬ ಇದ್ದೇನೆ. ಇನ್ನು ಏಳು ಜನ ಬೇಕು.