ಬೀದಿಯ ಈ ಮಗ್ಗುಲು

ಜೂನ್ ತಿಂಗಳ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ರಾತ್ರಿಯೆಂಬುದು ಹೆಸರಿಗಷ್ಟೇ. ಹನ್ನೊಂದು ಗಂಟೆಯಾದರೂ ನೆವಾ ನದಿಯ ಮೇಲೆ ಮುಸ್ಸಂಜೆಯ ಬೆಳಕು. 1703ರಲ್ಲಿ ದೊರೆ ಪೀಟರ್ ಜೌಗು ನೆಲದಲ್ಲಿ ಹುಟ್ಟುಹಾಕಿದ ಊರಿದು. ಚಳಿಗಾಲದ ಅರಮನೆಗಿಂತ ಎತ್ತರದ ಮನೆ ಕಟ್ಟಬಾರದೆಂಬ ಹಳೆಯ ಕಟ್ಟಳೆಯಿಂದಾಗಿ ನಡುಪೇಟೆಯಲ್ಲಿ ಇಂದಿಗೂ ಆಕಾಶ ಅಗಲವಾಗಿ ಕಾಣುತ್ತದೆ. ಹಸಿರು, ಹಳದಿ, ತಿಳಿನೀಲಿ ಗೋಡೆಗಳ ನಡುವೆ ನಡೆಯುತ್ತಿದ್ದರೆ ಈ ನಗರ ಯುದ್ಧ ಕಂಡಿತ್ತೆಂದು ನಂಬುವುದೇ ಕಷ್ಟ.

ಸೇಂಟ್ ಐಸಾಕ್ ಕೆಥಡ್ರಲ್ ಮುಗಿಯಲು ನಲವತ್ತು ವರ್ಷ ಬೇಕಾಯಿತು, 1818ರಿಂದ 1858ರವರೆಗೆ. ಅದರ ಮುಂಭಾಗದ ಕಂಬಗಳು ಒಂದೊಂದೂ ಒಂದೇ ಗ್ರಾನೈಟ್ ಕಲ್ಲಿನವು, ನೂರು ಟನ್ನಿಗೂ ಹೆಚ್ಚು ತೂಕದವು. ಕತ್ತೆತ್ತಿ ಚಿನ್ನದ ಗುಮ್ಮಟ ನೋಡುತ್ತಿದ್ದ ನಾನು ಕಣ್ಣು ಕೆಳಗಿಳಿಸಿದಾಗ ನುಣುಪಾದ ಕಂಬದಲ್ಲಿ ಚಕ್ಕೆ ಎದ್ದ ಗುಳಿಗಳು ಕಂಡವು. ಅಲ್ಲೊಂದು ಫಲಕ: ನಗರದ ಮೇಲೆ ಬಿದ್ದ 1,48,478 ಶೆಲ್‌ಗಳಲ್ಲಿ ಒಂದರ ಗುರುತು ಇದು ಎಂದು.

1941ರ ಸೆಪ್ಟೆಂಬರ್ 8ರಿಂದ 1944ರ ಜನವರಿ 27ರವರೆಗೆ, 872 ದಿನ, ಜರ್ಮನ್ ಸೇನೆ ಆಗಿನ ಲೆನಿನ್‌ಗ್ರಾಡನ್ನು ಮುತ್ತಿತ್ತು. ಶತ್ರುವಿನ ಗುರಿಗೆ ಸಿಗದಿರಲೆಂದು ಈ ಗುಮ್ಮಟಕ್ಕೆ ಬೂದು ಬಣ್ಣ ಬಳಿದಿದ್ದರು. ಎದುರಿನ ಚೌಕದಲ್ಲಿ ಎಲೆಕೋಸು ಬೆಳೆದಿದ್ದರು. ಹರ್ಮಿಟೇಜ್ ಮ್ಯೂಸಿಯಂನ ಚಿತ್ರಗಳನ್ನು ದೂರಕ್ಕೆ ಸಾಗಿಸಿದ ಮೇಲೆ ಗೋಡೆಗಳಲ್ಲಿ ಖಾಲಿ ಚೌಕಟ್ಟುಗಳೇ ಉಳಿದಿದ್ದವು.

ಯುದ್ಧ ಮುಗಿದ ಮೇಲೆ ಅರಮನೆಗಳನ್ನೆಲ್ಲ ಮೊದಲಿನಂತೆ ಎತ್ತಿ ನಿಲ್ಲಿಸಿದ ಈ ಜನಕ್ಕೆ ಒಂದು ಕಂಬದ ಗುಳಿ ಮುಚ್ಚುವುದು ದೊಡ್ಡ ಕೆಲಸವಲ್ಲ. ಬೇಕೆಂದೇ ಬಿಟ್ಟಿದ್ದಾರೆ. ನೆವ್‌ಸ್ಕಿ ಬೀದಿಯ 14ನೇ ನಂಬರಿನ ಗೋಡೆಯ ಮೇಲೂ ನೀಲಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರದ ಎಚ್ಚರಿಕೆ ಇದೆ: ಶೆಲ್ ದಾಳಿಯ ಹೊತ್ತಿನಲ್ಲಿ ಬೀದಿಯ ಈ ಮಗ್ಗುಲು ಹೆಚ್ಚು ಅಪಾಯಕಾರಿ. ಶೆಲ್‌ಗಳು ಬರುತ್ತಿದ್ದುದು ನೈಋತ್ಯದಿಂದ. ಅದರ ಕೆಳಗೆ ಯಾರೋ ಹೂವಿಟ್ಟಿದ್ದರು. ಬಿಸಿಲು ಚೆನ್ನಾಗಿದೆಯೆಂದು ನಾನು ಅದೇ ಮಗ್ಗುಲಲ್ಲಿ ನಡೆಯುತ್ತಿದ್ದೆ.

ಮಾರನೆಯ ದಿನ ನೋಡಬೇಕಾದ ಅರಮನೆಗಳ ಪಟ್ಟಿಯನ್ನು ಮಡಚಿಟ್ಟು ಪಿಸ್ಕರ್ಯೋವ್‌ಸ್ಕೋಯೆ ಸ್ಮಶಾನಕ್ಕೆ ಹೋದೆ. ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನ ಅಲ್ಲಿ ಮಣ್ಣಾಗಿದ್ದಾರೆ, ಬಹುಪಾಲು ಸಾಮಾನ್ಯ ನಾಗರಿಕರು. ಮೊದಲ ಚಳಿಗಾಲದಲ್ಲಿ ಕೆಲವು ವಾರ ಅನೇಕರಿಗೆ ದಿನಕ್ಕೆ ಸಿಕ್ಕಿದ್ದು 125 ಗ್ರಾಂ ಬ್ರೆಡ್ ಮಾತ್ರ. ಹುಲ್ಲು ಹೊದ್ದ ಉದ್ದನೆಯ ದಿಬ್ಬಗಳ ಮುಂದೆ ಚಿಕ್ಕ ಕಲ್ಲುಗಳು. ಅವುಗಳ ಮೇಲೆ ಹೆಸರಿಲ್ಲ, ಇಸವಿ ಮಾತ್ರ. 1942. ಮುಂದಿನದೂ 1942. ಅದರ ಮುಂದಿನದೂ.