ಕುಡಿದರೆ ಹೋಗಬೇಕಲ್ಲ

ಕಾಯಿಲೆಗಳಲ್ಲಿಯೂ ಮೇಲುಕೀಳು ಉಂಟು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳು ಸಮಾಜದಲ್ಲಿ ಗೌರವದ ಸ್ಥಾನ ಪಡೆದಿವೆ. ಮದುವೆಮನೆಯ ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿದು, "ನನಗೆ ಲಾಡು ಬೇಡಿ, ಸಕ್ಕರೆ ಕಾಯಿಲೆ" ಎನ್ನುವವರ ಕಂಠದಲ್ಲಿ ಒಂದು ಬಗೆಯ ಗಾಂಭೀರ್ಯವಿರುತ್ತದೆ; ಪಕ್ಕದವರು ಕೂಡಲೇ ತಮ್ಮ ಅಂಕಿಗಳನ್ನೂ ಒಪ್ಪಿಸುತ್ತಾರೆ. ಆದರೆ ಮೂತ್ರದಲ್ಲಿ ಉರಿ ಎಂದು ಪಂಕ್ತಿಯಲ್ಲಿ ಹೇಳಿದವರನ್ನು ನಾನಿನ್ನೂ ಕಂಡಿಲ್ಲ. ಆ ಕ್ರಿಯೆಗೇ ನಾವು ನೇರವಾದ ಹೆಸರು ಕೊಡುವುದಿಲ್ಲ. ಶಾಲೆಯಲ್ಲಿ ಬೆರಳೆತ್ತಿ 'ಒಂದಕ್ಕೆ' ಎನ್ನುತ್ತೇವೆ. ದೊಡ್ಡವರಾದ ಮೇಲೆ 'ಜಲಬಾಧೆ' ಎನ್ನುತ್ತೇವೆ. ಆಯುರ್ವೇದದ ಪಂಡಿತರು ಮಾತ್ರ 'ಮೂತ್ರಕೃಚ್ಛ್ರ' ಎಂದು ಕಾಯಿಲೆಗೊಂದು ಹೆಸರಿಟ್ಟು ಅದರ ಲಕ್ಷಣಗಳನ್ನು ಬರೆದರು. ನಮ್ಮ ಮನೆಯ ಹೆಂಗಸರಿಗೆ ಅಷ್ಟು ದೊಡ್ಡ ಮಾತು ಬೇಡ. "ಸ್ವಲ್ಪ ಉಷ್ಣವಾಗಿದೆ" ಎಂದರೆ ಮುಗಿಯಿತು. ಕೇಳಿದವರೂ "ಮಜ್ಜಿಗೆ ಕುಡಿ" ಎಂದು ಮುಗಿಸುತ್ತಾರೆ.

ಈ 'ಉಷ್ಣ' ಎಂಬ ಮಾತು ಎಷ್ಟನ್ನು ಮುಚ್ಚಿಡಬಲ್ಲದು ಎಂಬುದು ನನಗೆ ತಿಳಿದದ್ದು ಅಕ್ಕೂರಿನಲ್ಲಿ. ಚನ್ನಪಟ್ಟಣ ಎಂದೊಡನೆ ಪೇಟೆಯವರಿಗೆ ಬಣ್ಣದ ಬೊಂಬೆ ನೆನಪಾಗುತ್ತದೆ. ಆ ತಾಲ್ಲೂಕಿನ ಅಕ್ಕೂರು ನನ್ನ ಚಿಕ್ಕಮ್ಮನನ್ನು ಕೊಟ್ಟ ಊರು. ಅವರ ಮನೆಯಲ್ಲಿ ಬೊಂಬೆಯಿಲ್ಲ, ರೇಷ್ಮೆಹುಳುವಿದೆ. ಹುಳು ಮೊಟ್ಟೆಯೊಡೆದು ಬಂದಾಗಿನಿಂದ ಗೂಡು ಕಟ್ಟುವವರೆಗೆ ಸುಮಾರು 25 ದಿನ. ಅಷ್ಟರಲ್ಲಿ ಅದು ನಾಲ್ಕು ಸಲ ಪೊರೆ ಬಿಡುತ್ತದೆ. ಬಿಡುವ ಮುನ್ನ ಸೊಪ್ಪು ಮುಟ್ಟದೆ, ತಲೆಯೆತ್ತಿಕೊಂಡು, ಧ್ಯಾನಕ್ಕೆ ಕುಳಿತಂತೆ ಕುಳಿತಿರುತ್ತದೆ. ರೈತರು ಇದನ್ನು 'ಜ್ವರ' ಎನ್ನುತ್ತಾರೆ. ಮೊದಲನೆಯ ಜ್ವರ, ಎರಡನೆಯ ಜ್ವರ ಎಂದು ಮನೆಮಂದಿಗೆಲ್ಲ ಲೆಕ್ಕ ಬಾಯಿಗೆ ಬರುತ್ತದೆ. ನಾಲ್ಕನೆಯ ಜ್ವರದಿಂದೆದ್ದ ಹುಳುವಿಗೆ ಬಕಾಸುರನ ಹಸಿವು. ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇಕಡಾ 80ಕ್ಕೂ ಹೆಚ್ಚನ್ನು ಅದು ಈ ಕೊನೆಯ ಒಂದು ವಾರದಲ್ಲಿ ಮುಗಿಸುತ್ತದೆ. ಆ ವಾರ ಮನೆಯ ಹೆಂಗಸಿಗೆ ಹಗಲು ರಾತ್ರಿಗಳ ವ್ಯತ್ಯಾಸವಿಲ್ಲ.

ಅಂಥ ಒಂದು ವಾರದಲ್ಲಿಯೇ ಚಿಕ್ಕಮ್ಮ ಹಾಸಿಗೆ ಹಿಡಿದರು. ಗಡಗಡ ನಡುಗಿಸುವ ಚಳಿ, ಜ್ವರ, ಬೆನ್ನಿನ ಒಂದು ಪಕ್ಕೆಯಲ್ಲಿ ಮುಟ್ಟಗೊಡದ ನೋವು, ವಾಂತಿ. ಆಮೇಲೆ ತಿಳಿಯಿತು: ಉರಿ ಶುರುವಾಗಿ ಆಗಲೇ ಎರಡು ವಾರವಾಗಿತ್ತು. ಔಷಧದಂಗಡಿಯಿಂದ ಯಾರಿಗೂ ಹೇಳದೆ ಆರು ಗುಳಿಗೆ ತರಿಸಿದ್ದರು. ಎರಡು ನುಂಗಿದಾಗ ಉರಿ ತಗ್ಗಿತು. ಉಳಿದ ನಾಲ್ಕನ್ನು ಮುಂದಕ್ಕೆ ಬೇಕಾದೀತೆಂದು ಸಾಸಿವೆ ಡಬ್ಬಿಯಲ್ಲಿಟ್ಟರು. ಹುಳುವಿನ ನಾಲ್ಕು ಜ್ವರವನ್ನೂ ಗಂಟೆ ಗಳಿಗೆ ಸಹಿತ ಬಲ್ಲ ಆ ಮನೆಯಲ್ಲಿ ಈ ಐದನೆಯ ಜ್ವರದ ಲೆಕ್ಕ ಯಾರ ಬಳಿಯೂ ಇರಲಿಲ್ಲ.

ಚನ್ನಪಟ್ಟಣದ ಡಾಕ್ಟರಮ್ಮ ಪರೀಕ್ಷೆ ಮಾಡಿ, ಸೋಂಕು ಮೂತ್ರಕೋಶವನ್ನು ದಾಟಿ ಮೂತ್ರಪಿಂಡಕ್ಕೆ ಏರಿದೆಯೆಂದರು. ಇನ್ನೆರಡು ದಿನ ಬಿಟ್ಟಿದ್ದರೆ ರಕ್ತಕ್ಕೂ ಹರಡಬಹುದಿತ್ತಂತೆ. ಆಮೇಲೆ ಅವರು ಕೇಳಿದ ಪ್ರಶ್ನೆ ಬಹಳ ಸಾಧಾರಣವಾದದ್ದು: "ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ?"

ಚಿಕ್ಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೇಳಿದರು: "ಕುಡಿದರೆ ಹೋಗಬೇಕಲ್ಲ."

ಮನೆಯಲ್ಲಿ ಶೌಚಾಲಯವಿಲ್ಲವೆಂದಲ್ಲ, ಇದೆ. ಆದರೆ ಅದರ ಬಾಗಿಲು ಇರುವುದು ಜಗಲಿಯ ಎದುರಿಗೆ. ಜಗಲಿಯ ಮೇಲೆ ಸೊಪ್ಪಿನ ವ್ಯಾಪಾರಿ, ನೆರೆಯವರು, ಚುನಾವಣೆಯ ಮಾತಿಗೆ ಬಂದವರು, ಯಾರಾದರೂ ಕುಳಿತೇ ಇರುತ್ತಾರೆ. ಅವರ ಮುಂದೆ ಚೆಂಬು ಹಿಡಿದು ಹೋಗುವುದು ಹೇಗೆ? ಹೋಗಿ ಬಂದರೆ ಕೈಕಾಲು ತೊಳೆಯದೆ ಹುಳುಮನೆಯೊಳಗೆ ಕಾಲಿಡುವಂತಿಲ್ಲ. ಹುಳುವಿಗೆ ರೋಗ ತಗುಲೀತು. ಆದ್ದರಿಂದ ಬೆಳಿಗ್ಗೆ ಒಂದು ಲೋಟ ಕಾಫಿ, ಊಟದಲ್ಲಿ ಎರಡು ಗುಟುಕು ನೀರು, ಕತ್ತಲಾಗುವವರೆಗೆ ಸಂಯಮ. ಇದನ್ನು ಅವರು ಕಷ್ಟವೆಂದು ಹೇಳಲಿಲ್ಲ. ಅವರ ತಾಯಿಯೂ ಹೀಗೆಯೇ ಮಾಡುತ್ತಿದ್ದರು.

ಈ ಸಂಯಮದಿಂದ ಲಾಭವಾಗುವುದು ಒಂದು ಸೂಕ್ಷ್ಮಜೀವಿಗೆ. 1885ರಲ್ಲಿ ಥಿಯೊಡೋರ್ ಎಶರಿಕ್ ಎಂಬ ವೈದ್ಯ ಮಕ್ಕಳ ಮಲದಲ್ಲಿ ಅದನ್ನು ಕಂಡು ವರ್ಣಿಸಿದ. ಇಂದು ಅವನ ಹೆಸರಿನಿಂದಲೇ ಅದನ್ನು ಇ. ಕೋಲಿ ಎನ್ನುತ್ತಾರೆ. ನಮ್ಮ ಕರುಳಿನಲ್ಲಿ ಅದು ಸಾಧು. ನಾಲ್ಕು ಬೆರಳಿನಷ್ಟು ದೂರದ ಮೂತ್ರದ್ವಾರಕ್ಕೆ ದಾಟಿದರೆ ತಂಟೆಕೋರ. ಗಂಡಸಿನ ಮೂತ್ರನಾಳ ಸುಮಾರು 20 ಸೆಂಟಿಮೀಟರು, ಹೆಂಗಸಿನದು ಸುಮಾರು 4. ಶತ್ರುವಿಗೆ ಕೋಟೆ ಹತ್ತಿರ. ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಈ ಸೋಂಕು ಬರುತ್ತದೆ. ಅನುಕೂಲ ಸಿಕ್ಕರೆ ಈ ಜೀವಿ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಅದನ್ನು ಹೊರಗೆ ತಳ್ಳಲು ದೇವರು ಕೊಟ್ಟ ಉಪಾಯ ಮೂತ್ರದ ಹರಿವು. ಹರಿವನ್ನು ತಡೆದರೆ ಅತಿಥಿಗೆ ಹಾಸಿಗೆ ಹಾಸಿಕೊಟ್ಟಂತೆ.

ನೀರಿನ ಗುಣ ಬರಿಯ ಅಜ್ಜಿಯ ಮಾತಲ್ಲ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮತ್ತೆ ಮತ್ತೆ ಈ ತೊಂದರೆಗೆ ಸಿಕ್ಕುವ, ಕಡಿಮೆ ನೀರು ಕುಡಿಯುವ 140 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ದಿನಕ್ಕೆ ಒಂದೂವರೆ ಲೀಟರು ನೀರನ್ನು ಹೆಚ್ಚಾಗಿ ಕುಡಿಯಿತು. ಒಂದು ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕು; ಎಂದಿನಂತೆ ಇದ್ದವರಿಗೆ 3.2 ಸಲ. ನೀರು ಕುಡಿಯುವುದು, ಬಂದಾಗ ಹೋಗುವುದು, ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ತೊಳೆಯುವುದು, ದಾಂಪತ್ಯದ ಬಳಿಕ ಒಮ್ಮೆ ಹೋಗಿಬರುವುದು: ವೈದ್ಯರ ಉಪದೇಶ ಇಷ್ಟೇ. ಮುಟ್ಟು ನಿಂತವರಿಗೆ ಪದೇ ಪದೇ ಬಂದರೆ ಅದಕ್ಕೆ ಹಚ್ಚುವ ಬೇರೆ ಔಷಧವುಂಟು.

ಬಾರ್ಲಿ ನೀರು, ಎಳನೀರು, ಮಜ್ಜಿಗೆಗಳನ್ನು ನಾನು ಹೀಗಳೆಯುವುದಿಲ್ಲ. ಅವೆಲ್ಲ ನೀರಿನ ನೆಂಟರೇ. ಆದರೆ ಚಳಿಜ್ವರ, ಪಕ್ಕೆನೋವು, ಮೂತ್ರದಲ್ಲಿ ರಕ್ತ ಕಂಡಮೇಲೆ ಅವುಗಳನ್ನು ನೆಚ್ಚಿ ಕೂರಬಾರದು. ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು ಉರಿ ಕಂಡ ದಿನವೇ ಡಾಕ್ಟರಲ್ಲಿಗೆ ಹೋಗಬೇಕು. ಗಂಡಸರಿಗೆ ಬಂದರೂ ಕಾರಣ ಹುಡುಕಿಸಬೇಕು. ಹಾಗೆಯೇ ಸಾಸಿವೆ ಡಬ್ಬಿಯ ಗುಳಿಗೆಗಳ ವಿಚಾರ. ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದ: ಸಾಲದಷ್ಟು ಮದ್ದು ಕೊಟ್ಟರೆ ಕ್ರಿಮಿ ಸಾಯದೆ ಮದ್ದನ್ನೇ ಎದುರಿಸಲು ಕಲಿಯುತ್ತದೆ. ಚಿಕ್ಕಮ್ಮನ ಮೂತ್ರವನ್ನು ಕಲ್ಚರಿಗೆ ಕಳಿಸಿದಾಗ ಆ ಗುಳಿಗೆಯ ಹೆಸರಿನ ಮುಂದೆ 'ನಿರೋಧ' ಎಂದೇ ಬರೆದು ಬಂತು. ಬೇರೆ ಔಷಧವನ್ನು ಐದು ದಿನ ರಕ್ತನಾಳಕ್ಕೆ ಹಾಕಿ, ಮನೆಗೆ ಬಂದಮೇಲೂ ಹೇಳಿದಷ್ಟು ದಿನ ಗುಳಿಗೆ ನುಂಗಿಸಬೇಕಾಯಿತು.

ಆ ಬೆಳೆಯ ಗೂಡು ಮಾರಿದ ಹಣದಲ್ಲಿ ಚಿಕ್ಕಪ್ಪ ಒಂದು ಕೆಲಸ ಮಾಡಿದರು. ಬಾಯಲ್ಲಿ ಏನೂ ಹೇಳಲಿಲ್ಲ. ಗಾರೆಯವನನ್ನು ಕರೆಸಿ ಶೌಚಾಲಯದ ಬಾಗಿಲನ್ನು ಜಗಲಿಯ ಕಡೆಯಿಂದ ಕೀಳಿಸಿ ಹಿತ್ತಿಲ ಕಡೆಗೆ ಇರಿಸಿದರು. ಎರಡು ದಿನದ ಕೂಲಿ, ಒಂದು ಮೂಟೆ ಸಿಮೆಂಟು. ಈಗ ಹುಳುಮನೆಯ ಹೊರಗೋಡೆಯ ಗೂಡಿನಲ್ಲಿ ಒಂದು ಹೂಜಿ ನೀರಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಬರಿದಾಗಿರುತ್ತದೆ.

ಇದು ಹಳ್ಳಿಯ ಕಥೆಯೆಂದು ಬೆಂಗಳೂರಿನ ಓದುಗರು ನೆಮ್ಮದಿಪಡಬೇಕಾಗಿಲ್ಲ. ಬಸ್ಸಿನ ಕಂಡಕ್ಟರಮ್ಮ, ಚೌಕದಲ್ಲಿ ನಿಂತ ಪೊಲೀಸಮ್ಮ, ಮನೆಮನೆ ತಿರುಗುವ ಆಶಾ ಕಾರ್ಯಕರ್ತೆ, ಸಿದ್ಧ ಉಡುಪಿನ ಕಾರ್ಖಾನೆಯ ಹುಡುಗಿ ಎಷ್ಟು ನೀರು ಕುಡಿದು ಮನೆ ಬಿಡುತ್ತಾರೆ ಎಂದು ಕೇಳಿನೋಡಿ. ದುಡಿಯುವ ಹೊತ್ತಿನಲ್ಲೆಲ್ಲ ಶೌಚಾಲಯ ಕೈಗೆಟುಕುವಂತಿರಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯೇ ಹೇಳಿತ್ತು. ನ್ಯಾಯಾಲಯಗಳ ಆವರಣದಲ್ಲಿ ಶೌಚಾಲಯವಿರುವುದು ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಹೇಳಬೇಕಾಯಿತು. ಬಾಗಿಲು ಜಗಲಿಗೆ ಎದುರಾಗಿರುವುದು ಅಕ್ಕೂರಿನಲ್ಲಿ ಮಾತ್ರವಲ್ಲ.

ಮುಂದಿನ ಸಲ ಮನೆಯಲ್ಲಿ ಯಾರಾದರೂ "ಸ್ವಲ್ಪ ಉಷ್ಣ" ಎಂದರೆ, ಮಜ್ಜಿಗೆಯ ಲೋಟ ಕೈಗೆ ಕೊಡಿ. ಕೊಡುತ್ತಾ ಇನ್ನೆರಡು ಮಾತು ಕೇಳಿ. ಉರಿಯುಂಟೆ? ಎಷ್ಟು ದಿನವಾಯಿತು? ಉತ್ತರ ಬರಲು ಸ್ವಲ್ಪ ಹೊತ್ತಾಗಬಹುದು. ಕಾಯಿರಿ.